ಬಿಸಿಲು ಕಾಯಿಸಿಕೊಂಡ ಪುಸ್ತಕಗಳು

ಬೆಳಿಗ್ಗೆ ನಡುಮನೆಯಲ್ಲಿ ಕುಳಿತು ಪೇಪರು ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದಕ್ಕಿಂತ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ತೂಕಡಿಸುತ್ತಿದ್ದೆ ಎಂದರೆ ಸರಿಯಾದೀತು. ಒಳಗೆ ಸೊಸೆ ಐದು ತಿಂಗಳ ಮೊಮ್ಮಗನಿಗೆ ಬಜೆ ತೇಯುತ್ತಿದ್ದಳು. ಬಜೆಯ ವಾಸನೆ ನಿಮಗೆ ಗೊತ್ತಲ್ಲ? ಹಿತವೆಂದು ಹೇಳುವ ಹಾಗಿಲ್ಲ, ಬೇಡವೆಂದು ಮೂಗು ಮುಚ್ಚಿಕೊಳ್ಳುವ ಹಾಗೂ ಇಲ್ಲ. ಅದನ್ನು ಎಳೆಯ ನಾಲಿಗೆಗೆ ಒಂದಿಷ್ಟು ಸವರಿದರೆ ಮುಂದೆ ಮಾತು ಸ್ಪಷ್ಟವಾಗಿ ಬರುತ್ತದೆಂದು ನಮ್ಮ ಕಡೆಯ ನಂಬಿಕೆ. ಎಲ್ಲರಿಗೂ ಅದು ಬಾಣಂತಿ ಕೋಣೆಯ ವಾಸನೆ. ನನಗೆ ಮಾತ್ರ ಪುಸ್ತಕದ ವಾಸನೆ.

"ಮಾವಾರ, ನಿನ್ನೆ ಒಂದು ಪುಸ್ತಕ ಕೇಳಿದ್ನಲ್ರಿ?" ಎಂದಳು ಸೊಸೆ ಒಳಗಿನಿಂದಲೇ.

"ನಾಳೆ ನೋಡೂಣವ್ವ" ಎಂದೆ. ನನ್ನ ಪುಸ್ತಕದ ಕಪಾಟಿಗೆ ಬೀಗವಿದೆ, ಅದರ ಕೀಲಿಕೈ ನನ್ನ ಉಡಿದಾರದಲ್ಲಿದೆ. ಈ 'ನಾಳೆ' ನಮ್ಮ ಮನೆಗೆ ಬಂದದ್ದು ಕಡಿಮೆ.

ಬಜೆ ನನಗೆ ಪುಸ್ತಕದ ವಾಸನೆಯಾದದ್ದು ನನ್ನ ಹರೆಯದಲ್ಲಿ. ಆಗ ಬಳ್ಳಾರಿ ಜಿಲ್ಲೆ ಮದರಾಸಿಗೆ ಸೇರಿತ್ತು. ಹೊಸಪೇಟೆಯ ಹೈಸ್ಕೂಲಿಗೆ ನಾನು ಹೊಸ ಮಾಸ್ತರ. ಅಕ್ಷರ ದುಂಡಗಿದ್ದವೆಂಬ ಒಂದೇ ಕಾರಣಕ್ಕೆ ಊರಿನ ವಾಚನಾಲಯಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಕಾರ್ಯದರ್ಶಿ ಎಂದರೆ ದೊಡ್ಡ ಪದವಿ ಎಂದುಕೊಳ್ಳಬೇಡಿ. ಹಿರಿಯರು ಆಡಿದ್ದನ್ನು ಬರೆದುಕೊಂಡು, ಬರೆದದ್ದನ್ನು ಮುಂದಿನ ಸಭೆಯಲ್ಲಿ ಓದಿ ಹೇಳುವುದು ಅಷ್ಟೆ. ಆ ಸಭೆಗಳಲ್ಲಿ ಎಂಥೆಂಥ ಚರ್ಚೆ ನಡೆಯುತ್ತಿತ್ತು ಅಂತೀರಿ! ಮೇಲಿನ ಹಲಗೆಯಲ್ಲಿ ತೆಲುಗು ಪುಸ್ತಕ ಇರಬೇಕೋ ಕನ್ನಡದ್ದು ಇರಬೇಕೋ ಎಂಬ ಮಾತು ಒಮ್ಮೆ ಎರಡು ತಿಂಗಳು ನಡೆಯಿತು. ಕೊನೆಗೆ ಮೇಲಿನ ಹಲಗೆಯಲ್ಲಿ ಮಂಡಕ್ಕಿಯ ಡಬ್ಬಿ ಇಡುವುದೆಂದು ತೀರ್ಮಾನವಾಯಿತು. ಅದನ್ನೂ ನಾನೇ ದುಂಡಗೆ ಬರೆದೆ.

ವಾಚನಾಲಯದಲ್ಲಿ ಏಳು ಕಪಾಟುಗಳಿದ್ದವು. ಒಂದೊಂದನ್ನು ಒಬ್ಬೊಬ್ಬ ದೊಡ್ಡವರು ತಮ್ಮ ಹಿರಿಯರ ಹೆಸರಿನಲ್ಲಿ ಪುಸ್ತಕಗಳ ಸಮೇತ ಕೊಟ್ಟಿದ್ದರು, ಹೆಸರಿನ ಹಿತ್ತಾಳೆ ತಗಡೂ ಹೊಡೆಸಿದ್ದರು. ಕಪಾಟು ಕೊಟ್ಟವರು ಕೀಲಿಕೈ ಮಾತ್ರ ಕೊಟ್ಟಿರಲಿಲ್ಲ. ಅವು ಅವರವರ ಮನೆಯ ಗೂಟದಲ್ಲಿರುತ್ತಿದ್ದವು. ಅಕ್ಕಿ ಗಿರಣಿಯ ಶರಣಪ್ಪ ಸಾವ್ಕಾರರು ನಮ್ಮ ಅಧ್ಯಕ್ಷರು. ಅವರ ಕಪಾಟಿನ ಪುಸ್ತಕ ಬೇಕೆಂದರೆ ಗಿರಣಿಗೆ ಹೋಗಿ, ತೌಡಿನ ಧೂಳಿನಲ್ಲಿ ನಿಂತು ಕೀಲಿಕೈ ಕೇಳಿ ತರಬೇಕು. ಇನ್ನೊಂದು ಕಪಾಟು ಕಂಪ್ಲಿಯ ವ್ಯಾಪಾರಿ ವೀರಭದ್ರಪ್ಪನವರದು. ಅವರ ಕೀಲಿಕೈ ಅವರ ಜೊತೆಗೇ ಕಂಪ್ಲಿಯಲ್ಲಿ ವಾಸ. ಸಂತೆಯ ದಿನ ಅವರು ಊರಿಗೆ ಬಂದರೆ ಆ ಕಪಾಟು ಬಾಯಿ ತೆರೆಯುತ್ತಿತ್ತು. ಬರದಿದ್ದರೆ ಮುಂದಿನ ಸಂತೆ.

ಈ ಏಳು ಬೀಗಗಳ ನಡುವೆ ಕೆಲಸಕ್ಕಿದ್ದವನು ಪಂಪಾಪತಿ. ಮೆಟ್ರಿಯ ಕಡೆಯ ಒಕ್ಕಲು ಮನೆಯವನು, ನನ್ನದೇ ವಯಸ್ಸು. ಈ ಕೆಲಸದಲ್ಲಿದ್ದುಕೊಂಡೇ ಊಟ ಬಿಟ್ಟು ಕೂಡಿಸಿದ ಹಣದಲ್ಲಿ ಮದರಾಸಿಗೆ ಹೋಗಿ, ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸುವ ವಿದ್ಯೆ ಕಲಿತು, ಸರ್ಟಿಫಿಕೇಟು ತಂದಿದ್ದ. ತಂದು ಏನು ಮಾಡುವುದು? ವಾಚನಾಲಯದ ಕೊಡಕ್ಕೆ ನೀರು ತುಂಬುವವನು ಅವನೇ, ಸಭೆಗೆ ಜಮಖಾನ ಹಾಸುವವನೂ ಅವನೇ. ಯಾರಾದರೂ ಅಧಿಕಾರಿ ಬಂದರೆ ಶರಣಪ್ಪನವರು, "ಇಂವ ನಮ್ಮ ಕಪಾಟು ಒರಸಾಂವ" ಎಂದು ಪರಿಚಯ ಮಾಡಿಕೊಡುತ್ತಿದ್ದರು. ಅವನು ಬೇರೆ ಊರುಗಳಿಗೆ ಅರ್ಜಿ ಹಾಕಿದ. ಅಂಥ ಹುದ್ದೆಯೇ ನಮ್ಮಲ್ಲಿಲ್ಲ ಎಂದು ಉತ್ತರ ಬಂತು. ಹೆಣ್ಣು ನೋಡಲು ಹೋದಲ್ಲಿ ಹುಡುಗಿಯ ತಂದೆ, "ಕೆಲಸ ಏನ್ರಿ?" ಅಂದರಂತೆ. "ಪುಸ್ತಕ ಕೊಡೂದು, ವಾಪಸ್ ತಗೊಳ್ಳೂದು" ಎಂದನಂತೆ ಇವನು. "ಅದಿರ್ಲಿ, ಕೆಲಸ ಏನು?" ಎಂದು ಅವರು ಮತ್ತೆ ಕೇಳಿದರಂತೆ. ಇದನ್ನು ಅವನೇ ನನಗೆ ನಗುತ್ತ ಹೇಳಿದ್ದ. ನಾನು ಅವನಿಗಿಂತ ಜೋರಾಗಿ ನಕ್ಕಿದ್ದೆ. ಈಗ ನೆನೆದರೆ ಆ ನಗು ಅಷ್ಟು ಜೋರಾಗಿರಬಾರದಿತ್ತು ಅನ್ನಿಸುತ್ತದೆ.

ವರ್ಷಕ್ಕೊಂದು ದಿನ ಮಾತ್ರ ಏಳು ಕೀಲಿಕೈಗಳೂ ಒಟ್ಟಿಗೆ ಪಂಪಾಪತಿಯ ಕೈಗೆ ಬರುತ್ತಿದ್ದವು. ಮಳೆಗಾಲ ಕಳೆದ ಮೇಲೆ, ಹುಳು ಹಿಡಿಯದಿರಲೆಂದು ಪುಸ್ತಕಗಳನ್ನೆಲ್ಲ ಮಾಳಿಗೆಗೆ ಒಯ್ದು ಬಿಸಿಲಿಗೆ ಹಾಕುವ ದಿನ ಅದು. ಆ ದಿನಕ್ಕಾಗಿ ನಾನು ಶಾಲೆಗೆ ರಜೆ ಹಾಕುತ್ತಿದ್ದೆ. ಚಾಪೆಯ ಪಕ್ಕ ಚಾಪೆ ಹಾಸಿ, ಒಂದೊಂದು ಪುಸ್ತಕವನ್ನೂ ಬಿಚ್ಚಿ ಅಂಗಾತ ಇಡುತ್ತಿದ್ದೆವು. ದೂರದಲ್ಲಿ ಹಂಪಿಯ ಕಡೆಯ ಬಂಡೆಗುಡ್ಡಗಳು ಮಂಜಿನಲ್ಲಿ ಅರ್ಧ ಕರಗಿದಂತೆ ಕಾಣುತ್ತಿದ್ದವು. ಹೊಳೆಯ ಕಡೆಯಿಂದ ಗಾಳಿ ಬಂದರೆ ಮಾಳಿಗೆಯ ತುಂಬ ಹಾಳೆಗಳು ತಾವೇ ಮಗುಚುತ್ತ ಹೋಗುತ್ತಿದ್ದವು. ಕಣ್ಣಿಗೆ ಕಾಣದ ಓದುಗರು ಒಟ್ಟಿಗೆ ಕುಳಿತು ಓದುತ್ತಿದ್ದಾರೆ ಅನ್ನಿಸುತ್ತಿತ್ತು. ನಾವಿಬ್ಬರೂ ನೀರಿನ ತೊಟ್ಟಿಯ ನೆರಳಲ್ಲಿ ಬಜೆಯ ತುಂಡುಗಳನ್ನು ಬಟ್ಟೆಯ ಚೂರುಗಳಲ್ಲಿ ಕಟ್ಟುತ್ತ ಕೂಡುತ್ತಿದ್ದೆವು. ಹುಳು ಹತ್ತಿರ ಬಾರದಂತೆ ಹಲಗೆಗೊಂದು ಗಂಟು. ಬದುಕಿನಲ್ಲಿ ಸುಖವೆಂದರೆ ಯಾವುದು ಎಂದು ಯಾರಾದರೂ ಕೇಳಿದರೆ ಈಗಲೂ ನನ್ನ ಕಣ್ಣಿಗೆ ಬರುವುದು ಆ ಮಾಳಿಗೆಯೇ.

ಮದರಾಸಿನಿಂದ ಬಂದ ವರ್ಷ ಪಂಪಾಪತಿ ಬಿಸಿಲಿನ ದಿನ ಇಳಿಹೊತ್ತಿಗೆ, "ಮಾಸ್ತರ, ಈ ಸಲ ಬ್ಯಾರೆ ಥರ ಇಡೂಣೇನ್ರಿ?" ಎಂದ.

"ಹೆಂಗ?"

"ಒಕ್ಕಲುತನದ್ದೆಲ್ಲ ಒಂದು ಕಡೆ, ಔಷಧದ್ದೆಲ್ಲ ಒಂದು ಕಡೆ, ಕತಿ ಎಲ್ಲ ಒಂದು ಕಡೆ. ಯಾರು ಕೊಟ್ಟಿದ್ದು ಅಂತ ನೋಡೂದು ಬ್ಯಾಡ."

ಅವನು ಅದಕ್ಕೆ ತಿಂಗಳಾನುಗಟ್ಟಲೆ ತಯಾರಿ ನಡೆಸಿದ್ದ. ಊರಿನ ಮನೆಮನೆಯಿಂದ ಹಳೆಯ ಲಗ್ನಪತ್ರಿಕೆ ಬೇಡಿ ತಂದು, ಒಂದೇ ಅಳತೆಗೆ ಕತ್ತರಿಸಿ, ಒಂದೊಂದು ಕಪಾಟು ತೆರೆದಾಗಲೂ ಒಳಗಿನದನ್ನು ನೋಡಿಟ್ಟುಕೊಂಡು, ಖಾಲಿ ಮಗ್ಗುಲಲ್ಲಿ ಪುಸ್ತಕಕ್ಕೊಂದು ಚೀಟಿ ಬರೆದಿದ್ದ. ಚೀಟಿಯ ಮೂಲೆಯಲ್ಲಿ ದಾನಿಯ ಹೆಸರನ್ನೂ ಮರೆತಿರಲಿಲ್ಲ. ಅರಿಶಿನ ಹಚ್ಚಿದ ಆ ಚೀಟಿಗಳನ್ನು ಕಂಡು ನನಗೆ ಹುರುಪು ಬಂತು. ಸಂಜೆಯೊಳಗೆ ಪುಸ್ತಕಗಳೆಲ್ಲ ಹೊಸ ಜಾಗ ಸೇರಿದವು. ಬೀಗ ಹಾಕಿದೆವು, ಕೀಲಿಕೈಗಳನ್ನು ಮಾತ್ರ ಹಿಂದಿರುಗಿಸಲಿಲ್ಲ. ಕೇಳಿದವರಿಗೆ, ಪುಸ್ತಕ ಇನ್ನೂ ಒಣಗಬೇಕು ಎಂದು ಪಂಪಾಪತಿ ಹೇಳುತ್ತಿದ್ದ.

ಹೀಗೆ ಒಂದು ತಿಂಗಳು ನಡೆಯಿತು. ಒಂದು ದಿನ ಎಮ್ಮಿಗನೂರಿನ ರೈತರೊಬ್ಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ನಿಂತರು.

"ಬರ್ರಿ, ಕುಂದ್ರಿ. ಏನು ಬೇಕ್ರಿ?" ಎಂದ ಪಂಪಾಪತಿ.

"ಓದಾಕ ಬರಂಗಿಲ್ರಿ ನನಗ. ಕಬ್ಬು ಒಳಗೊಳಗ ಕೆಂಪಾಗಿ ಒಣಗಾಕ ಹತ್ತೈತಿ. ಅದರ ಮಾತು ಯಾವ್ದಾರ ಪುಸ್ತಕದಾಗ ಐತೇನ್ರಿ?"

ಪಂಪಾಪತಿ ಎದ್ದು ಹೋಗಿ ಒಂದೇ ಹಲಗೆಯಿಂದ ಮೂರು ಪುಸ್ತಕ ತಂದ. ಮೂರೂ ಮೊದಲು ಮೂರು ಕಪಾಟುಗಳಲ್ಲಿ ಇದ್ದವು, ಅವುಗಳಲ್ಲೊಂದು ಕಂಪ್ಲಿಯ ಬೀಗದೊಳಗಿತ್ತು. ಮಧ್ಯಾಹ್ನವೆಲ್ಲ ಅವರಿಗೆ ಓದಿ ಹೇಳಿದ. ರೋಗ ಬಿದ್ದದ್ದನ್ನು ಕಿತ್ತು ಸುಡಬೇಕು, ಆ ಗದ್ದೆಯ ಕಬ್ಬನ್ನು ಬಿತ್ತನೆಗೆ ಇಡಬಾರದು ಎಂಬುದನ್ನು ಅವರು ಎರಡೆರಡು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿಕೊಂಡು ಹೋದರು. ಅಂದು ಪಂಪಾಪತಿಯ ಮುಖ ನೋಡಬೇಕಿತ್ತು ನೀವು. "ಇದ ನೋಡ್ರಿ ಮಾಸ್ತರ ನನ್ನ ಕೆಲಸ" ಎಂದ. ಆ ಹುಡುಗಿಯ ತಂದೆ ಅಲ್ಲಿರಬೇಕಿತ್ತು.

ಬಂದವರು ಬೇರೆಯವರು. ಮುಂದಿನ ಸಂತೆಯ ದಿನ ಕಂಪ್ಲಿಯ ವೀರಭದ್ರಪ್ಪನವರು ತಮ್ಮ ಬೀಗರನ್ನು ಕರೆದುಕೊಂಡು ಬಂದರು, ತಂದೆಯ ಹೆಸರಿನ ಕಪಾಟು ತೋರಿಸಲು. ಪಂಪಾಪತಿ ಬಾಗಿಲು ತೆರೆದ. ಪುರಾಣಗಳಿದ್ದ ಜಾಗದಲ್ಲಿ ದನಕರುಗಳ ರೋಗದ ಪುಸ್ತಕಗಳು ಸಾಲಾಗಿ ಕುಳಿತಿದ್ದವು.

ವೀರಭದ್ರಪ್ಪನವರು ತಗಡಿನ ಮೇಲಿನ ತಂದೆಯ ಹೆಸರನ್ನು ಒಮ್ಮೆ ನೋಡಿದರು. "ಇದು ನಮ್ಮಪ್ಪನ ಕಪಾಟೋ, ದನದ ಕೊಟ್ಟಿಗಿಯೋ?" ಎಂದು ಮೆಲ್ಲಗೆ ಕೇಳಿದರು. ಬೀಗರ ಮುಂದೆ ಅವರ ಕಣ್ಣಲ್ಲಿ ನೀರಾಡಿತು. ಅವರದೂ ಸುಳ್ಳು ನೋವಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಆ ಪುರಾಣಗಳನ್ನು ಅವರ ತಂದೆ ದಿನಾ ಓದುತ್ತಿದ್ದರಂತೆ.

ಸಭೆ ಕರೆದರು. ಸಭೆಗೆ ಮೊದಲು ಪಂಪಾಪತಿ ಜಮಖಾನದ ಸುಕ್ಕು ಬಿಡಿಸುತ್ತ, "ಮಾಸ್ತರ, ನಾ ಹೇಳಿದ್ರ ನೌಕರ ಎದುರು ಮಾತಾಡಿದಂಗ ಆಗ್ತೈತ್ರಿ. ಕಬ್ಬಿನ ರೈತರ ವಿಷಯ ನೀವೊಂದು ಮಾತು ಹೇಳ್ರಿ, ಸಾಕು" ಎಂದ.

"ಹೇಳ್ತೀನಿ ಬಿಡ್ರಿ" ಎಂದೆ. ನಿಜವಾಗಿಯೂ ಹೇಳಬೇಕೆಂದೇ ಇದ್ದೆ.

ಸಭೆಯಲ್ಲಿ ಎಲ್ಲರೂ ಮಾತಾಡಿದರು. ಪುಸ್ತಕಗಳನ್ನು ಮೊದಲಿನಂತೆ ಅವರವರ ಕಪಾಟಿಗೆ ಸೇರಿಸಬೇಕು, ಪಂಪಾಪತಿ ತಪ್ಪೊಪ್ಪಿಗೆ ಬರೆದುಕೊಡಬೇಕು, ಇಲ್ಲವಾದರೆ ಕೆಲಸ ಬಿಡಬೇಕು ಎಂದಾಯಿತು. ಕೊನೆಗೆ ಶರಣಪ್ಪನವರು ನನ್ನ ಕಡೆ ತಿರುಗಿ, "ಕಾರ್ಯದರ್ಶಿಗಳು ಏನಂತೀರಿ? ನೀವೂ ಜೊತಿಗೆ ಇದ್ರಂತ" ಎಂದರು. ಶಾಲೆಯ ಮಂಡಳಿಗೂ ಅವರೇ ಹಿರಿಯರು. ನನ್ನ ಕೆಲಸ ಕಾಯಂ ಆಗಬೇಕಾದದ್ದು ಅದೇ ತಿಂಗಳು. ಬಾಗಿಲ ಬಳಿ ನೀರಿನ ತಂಬಿಗೆ ಹಿಡಿದು ನಿಂತಿದ್ದ ಪಂಪಾಪತಿ ನನ್ನನ್ನೇ ನೋಡುತ್ತಿದ್ದ.

"ಹಿರಿಯರು ಹೇಳಿದಂಗ" ಎಂದೆ.

ಅಷ್ಟು ಹೇಳಿ ತಲೆ ಬಗ್ಗಿಸಿ ಠರಾವನ್ನು ಬರೆದೆ. ಅಕ್ಷರ ಎಂದಿಗಿಂತ ದುಂಡಗೆ ಬಂದಿದ್ದವು.

ಪಂಪಾಪತಿ ಚೀಟಿಗಳ ಮೂಲೆಯಲ್ಲಿದ್ದ ಹೆಸರು ನೋಡಿ ನೋಡಿ, ಒಂದು ಪುಸ್ತಕವೂ ತಪ್ಪದಂತೆ ಮೂರು ದಿನದಲ್ಲಿ ಎಲ್ಲವನ್ನೂ ದಾನಿಗಳ ಕಪಾಟಿಗೆ ಸೇರಿಸಿದ. ಅವನ ಆ ಚೀಟಿಗಳಿರದಿದ್ದರೆ ಯಾವ ಪುಸ್ತಕ ಯಾರದೆಂದು ಆ ದಾನಿಗಳಿಗೇ ತಿಳಿಯುತ್ತಿರಲಿಲ್ಲ. ಹಲಗೆ ಹಲಗೆಗೆ ಹೊಸ ಬಜೆಯ ಗಂಟು ಇಟ್ಟ. ಏಳು ಕೀಲಿಕೈಗಳನ್ನು ಏಳು ಮನೆಗೆ ಮುಟ್ಟಿಸಿದ. ತಪ್ಪೊಪ್ಪಿಗೆ ಬರೆಯಲಿಲ್ಲ, ಕೆಲಸ ಬಿಟ್ಟು ಹೋದ. ನನ್ನ ಕೆಲಸ ಕಾಯಂ ಆಯಿತು.

ನಾಲ್ಕಾರು ವರ್ಷಗಳ ಮೇಲೆ ಹಂಪಿಯಲ್ಲಿ, ಹೊಳೆಯ ದಂಡೆಯಲ್ಲಿ ಸಿಕ್ಕ. ಸಂಡೂರಿನ ಗಣಿಯೊಂದರ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಧೋತರದ ಅಂಚಿಗೆಲ್ಲ ಕೆಂಪು ಧೂಳು. ಕೆಲಸ ಹೇಗಿದೆ ಎಂದೆ. "ಚಲೋ ಐತ್ರಿ. ಅಲ್ಲಿ ಅದಿರನ್ನ ಜಾತಿವಾರು ಗುಡ್ಡಿ ಹಾಕಸ್ತಾರ. ಯಾರಪ್ಪನ ಹೆಸರೀಲೆ ಅಂತ ಯಾರೂ ಕೇಳಂಗಿಲ್ಲ" ಎಂದು ನಕ್ಕ. ಈ ಸಲ ನನಗೆ ನಗು ಬರಲಿಲ್ಲ. ಏಳುವ ಮುಂದೆ ಅವನು ಕೇಳಿದ:

"ಈ ವರ್ಷ ಪುಸ್ತಕ ಬಿಸಿಲಿಗೆ ಹಾಕಿದ್ರೇನ್ರಿ?"

"ಹಾಕಿದ್ವಿ."

"ಬಜಿ?"

"ಇಟ್ಟೀವ್ರಿ."

ಎರಡೂ ಸುಳ್ಳು. ಅವನು ಹೋದ ಮೇಲೆ ಏಳು ಕೀಲಿಕೈಗಳನ್ನು ಕೂಡಿಸುವವರೇ ಇರಲಿಲ್ಲ. ಬೀಗಗಳ ಹಿಂದೆ ಗೆದ್ದಲು ಒಬ್ಬರನ್ನೂ ಕೇಳದೆ ಎಲ್ಲ ವಿಷಯಗಳನ್ನೂ ಓದಿ ಮುಗಿಸುತ್ತಿತ್ತು. ನಿಮ್ಮ ಕೆಲಸ ಹಾಳಾಯಿತು, ಅದನ್ನು ಹಾಳುಮಾಡಿದವರಲ್ಲಿ ನಾನೂ ಒಬ್ಬ ಎಂದು ಹೇಳಲು ಅಲ್ಲಿಯೂ ನನಗೆ ಬಾಯಿ ಬರಲಿಲ್ಲ. ಆಮೇಲೆ ಅವನನ್ನು ನಾನು ನೋಡಲಿಲ್ಲ.

"ಮಾವಾರ, ನಿದ್ದಿ ಮಾಡಾಕ ಹತ್ತೀರೇನ್ರಿ?"

ಪೇಪರು ಕೆಳಗಿಳಿಸಿದೆ. ಸೊಸೆ ಮಗುವನ್ನೆತ್ತಿಕೊಂಡು, ತೇಯುವ ಕಲ್ಲನ್ನು ಹಿಡಿದು ಎದುರು ನಿಂತಿದ್ದಳು. "ಹಿರೇರ ಕೈಲೆ ಹಚ್ಚಿದ್ರ ಚಲೋ ಅಂತಾರ. ನೀವ ಹಚ್ಚರಿ" ಎಂದಳು. ಉಂಗುರ ಬೆರಳಿನ ತುದಿಯಲ್ಲಿ ಚೂರು ತೆಗೆದು ಮಗುವಿನ ನಾಲಿಗೆಗೆ ಸವರಿದೆ. ಅದು ಮುಖ ಕಿವುಚಿ, ಕೆಂಪಾಗಿ, ಮನೆ ಹಾರಿಹೋಗುವಂತೆ ಅತ್ತಿತು. ಬೆರಳಲ್ಲಿ ಉಳಿದಿದ್ದನ್ನು ನನ್ನ ನಾಲಿಗೆಗೆ ಹಚ್ಚಿಕೊಂಡೆ. ಕಟುವಾಗಿತ್ತು.

ಸೊಸೆ ನಕ್ಕಳು. "ನಿಮಗ್ಯಾಕ್ರಿ ಮಾವಾರ? ಭಾಳ ಚಲೋ ಮಾತಾಡ್ತೀರಲ್ಲ."

"ಬರಬೇಕಾದಾಗ ಬರ್ಲಿಲ್ಲವ್ವ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಉಡಿದಾರದಿಂದ ಕೀಲಿಕೈ ಬಿಚ್ಚಿ ಅವಳ ಕೈಗೆ ಕೊಟ್ಟೆ. ನಿನಗೆ ಬೇಕಾದ್ದು ತಗೋ, ಉಳಿದವನ್ನೆಲ್ಲ ಮಾಳಿಗೆಗೆ ಒಯ್ಯೋಣ, ಬಿಸಿಲು ಚೆನ್ನಾಗಿದೆ ಎಂದೆ. ಒಂದೊಂದೇ ಪುಸ್ತಕ ಹೊತ್ತು ಮೆಟ್ಟಿಲು ಹತ್ತುತ್ತ ಅವಳಿಗೆ ಪಂಪಾಪತಿಯ ಹೆಸರು ಹೇಳಿದೆ, ಆಮೇಲೆ ಅವನ ಕೆಲಸ ಹಾಳುಮಾಡಿದವರಲ್ಲಿ ನನ್ನ ಹೆಸರನ್ನೂ ಹೇಳಿದೆ.