ಚನ್ನಬಸಪ್ಪ ಕಾಕಾ ಮತ್ತು ಮಾಳಿಗೆಯ ಕಾಗೆಗಳು

ಚನ್ನಬಸಪ್ಪ ಕಾಕಾ ಯಾವ ನಾಯಿಯನ್ನು ನೋಡಲು ಬಂದರೂ ಮೊದಲು ಅದಕ್ಕೆ ಬೆನ್ನು ಮಾಡಿ ಕೂತುಬಿಡುತ್ತಿದ್ದರು. ಕಚ್ಚುವ ನಾಯಿ ಇರಲಿ, ನೆಕ್ಕುವ ನಾಯಿ ಇರಲಿ, ಗೋಡೆಗೆ ಮುಖ ಮಾಡಿ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರೆ ಮುಗಿಯಿತು. ಅದು ಬೊಗಳಲಿ, ಹಲ್ಲು ಕಿಸಿಯಲಿ, ಧೋತರದ ಅಂಚು ಹಿಡಿದು ಜಗ್ಗಲಿ, ಇವರು ತಿರುಗಿ ನೋಡಿದರೆ ಕೇಳಿ. ಮನೆಯವರು ಬಾಗಿಲ ಹಿಂದೆ ಜೀವ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದರು. ಇವರು ಗೋಡೆಯನ್ನೇ ಕೇಳಿದಂತೆ ಕೇಳುತ್ತಿದ್ದರು: "ಇಂವ ಏನ ಕೆಲಸಾ ಮಾಡತಾನ್ರಿ?"

ನಾಯಿ ಎಂಬ ಶಬ್ದ ಅವರ ಬಾಯಲ್ಲಿ ನಾನು ಕೇಳಿದ್ದೇ ಕಡಿಮೆ. ಗಂಡಾದರೆ ಇಂವ, ಹೆಣ್ಣಾದರೆ ಈಕಿ. ವರನ ಬಗ್ಗೆ ವಿಚಾರಿಸುವ ಹಿರಿಯರ ಹಾಗೆ ಕೆಲಸ ಕೇಳುತ್ತಿದ್ದರೆ ಹೆಂಗಸರು ಹುಡುಗರು ಬಾಯಿಗೆ ಸೆರಗು, ಅಂಗಿ ತೋಳು ಒತ್ತಿಕೊಂಡು ನಗುತ್ತಿದ್ದರು. "ಏನೂ ಮಾಡೂದಿಲ್ರೀ, ತಿಂದು ಮಲಗತದ" ಎಂದು ಯಾರಾದರೂ ಹೇಳಿದರೆ ಅವರಿಗೆ ಬಹಳ ಬೇಸರವಾಗುತ್ತಿತ್ತು. "ಹಂಗಂದ್ರ ಹೆಂಗ್ರಿ? ಕೆಲಸಾ ಕೊಡಲಿಲ್ಲಂದ್ರ ಇಂವ ತಾನ ಒಂದು ಹುಡಿಕ್ಕೊಂತಾನ. ಆಮ್ಯಾಲ ಪೋಸ್ಟಮನ್ನನ ಕಾಲು ಹಿಡದಾ ಅಂತ ನನ್ನ ಕರೀತೀರಿ."

ಹುಬ್ಬಳ್ಳಿಯ ಹತ್ತಿ ವ್ಯಾಪಾರದ ಮನೆತನ ಅವರದು, ಮನೆ ಗೋಪನಕೊಪ್ಪದಲ್ಲಿ. ಅಣ್ಣತಮ್ಮಂದಿರು ಅಂಗಡಿಯಲ್ಲಿ ಗಾದಿಗೆ ಒರಗಿ ಕೂತರೆ, ಇವರು ಚಿಕ್ಕಂದಿನಿಂದ ಹಿತ್ತಲಿನ ಎತ್ತುಗಳ ನಡುವೆಯೇ ಬೆಳೆದವರು. ಹಳ್ಳಿಗಳಿಂದ ಹತ್ತಿ ತರುವ ಬಂಡಿಗಳ ಎತ್ತು, ಮನೆಯ ಟಾಂಗಾದ ಕುದುರೆ, ಹಯನಿನ ಎಮ್ಮೆ, ಎಲ್ಲದರ ಸಿಟ್ಟು ಸೆಡವು ಅವರ ಪಾಲಿಗೆ. ಐವತ್ತರ ದಶಕ ಮುಗಿಯುವ ಹೊತ್ತಿಗೆ ಲಾರಿಗಳು ಬಂದವು. ಅಣ್ಣಂದಿರು ಎತ್ತುಗಳನ್ನು ಮಾರಿದರು, ಕುದುರೆಯನ್ನೂ ಯಾರಿಗೋ ಕೊಟ್ಟರು. ಕಾಕಾ ಎತ್ತುಗಳ ಖಾಲಿ ಕೊಟ್ಟಿಗೆಯ ಮುಂದೆ ಮುಂಜಾನೆಯಿಂದ ಸಂಜೆಯವರೆಗೆ ಕೂತಿರುತ್ತಿದ್ದರಂತೆ. ನಲವತ್ತು ದಾಟಿದ ಗಂಡಸು ಹೀಗೆ ಕೂತರೆ ಮನೆಯಲ್ಲಿ ಏನೇನು ಅನ್ನಿಸಿಕೊಳ್ಳಬೇಕೋ ಎಲ್ಲ ಅನ್ನಿಸಿಕೊಂಡರು.

ಅಷ್ಟರಲ್ಲಿ ಅಣ್ಣಂದಿರು ಗೋದಾಮು ಕಾಯಲಿಕ್ಕೆ ಒಂದು ದೊಡ್ಡ ನಾಯಿ ತಂದರು. ಅದು ಎಷ್ಟು ಚೆನ್ನಾಗಿ ಕಾಯಿತೆಂದರೆ ಹಮಾಲರನ್ನೂ ಒಳಗೆ ಬಿಡಲಿಲ್ಲ. ಲಾರಿಗಳು ಸಾಲಾಗಿ ನಿಂತವು, ಬಜಾರವೆಲ್ಲ ನಕ್ಕಿತು. ಕಾಕಾ ಹೋಗಿ ಗೋದಾಮಿನ ಬಾಗಿಲಲ್ಲಿ ಅದಕ್ಕೆ ಬೆನ್ನು ಕೊಟ್ಟು ಕೂತರು. "ಹೊಸಾ ಎತ್ತು ಬಂದಾಗ ನಾವ್ ಹಿಂಗ ಕುಂಡ್ರತಿದ್ವಿ ನೋಡ್ರಿ. ಎದುರಿಗೆ ನಿಂತು ಕಣ್ಣಾಗ ಕಣ್ಣಿಟ್ರ ಅದಕ್ಕ ಜಗಳ ಅನಸತೈತಿ" ಎಂದು ನನಗೆ ಆಮೇಲೆ ಹೇಳಿದ್ದರು. ಕೆಲವು ವಾರಗಳಲ್ಲಿ ಆ ನಾಯಿ ಹಮಾಲರಿಗೆ ಬಾಲ ಆಡಿಸತೊಡಗಿತು. ಸುದ್ದಿ ಕೇಶ್ವಾಪುರದ ಬಂಗಲೆಗಳಿಗೆ ಹೋಯಿತು, ಅಲ್ಲಿಂದ ಧಾರವಾಡಕ್ಕೂ ಬಂತು. ಜನ ಕರೆದಲ್ಲಿಗೆಲ್ಲ ಕಾಕಾ ಹೊರಟರು. "ಇಂಥಾ ಮನಿತನದಾಗ ಹುಟ್ಟಿ ನಾಯಿಗೆ ಸಾಲಿ ಕಲಸ್ತಾನ" ಎಂದು ಅಣ್ಣಂದಿರು ತಲೆ ತಗ್ಗಿಸಿದರಂತೆ. ಕಾಕಾ ಅದನ್ನು ಹೇಳಿಕೊಂಡು ಸ್ವತಃ ನಗುತ್ತಿದ್ದರು.

ನಾನು ಅವರನ್ನು ಮೊದಲು ನೋಡಿದ್ದು ಧಾರವಾಡದ ಮಾಳಮಡ್ಡಿಯಲ್ಲಿ, ನಮ್ಮ ಪಕ್ಕದ ಮನೆಯ ದೇಸಾಯಿ ವಕೀಲರಲ್ಲಿ. ವಕೀಲರು ಸಂಜೆ ಹಾರ್ಮೋನಿಯಂ ಮುಂದಿಟ್ಟುಕೊಂಡು ಹಾಡಲು ಕೂತರೆ ಅವರ ಟಾಮಿ ಮೂತಿ ಮೇಲೆತ್ತಿ ಊಳಿಡುತ್ತಿತ್ತು. ಈ ಚಟ ಬಿಡಿಸಬೇಕೆಂದು ಕಾಕಾನನ್ನು ಕರೆಸಿದ್ದರು. ಕಾಕಾ ಗೋಡೆಗೆ ಮುಖ ಮಾಡಿ ಇಬ್ಬರನ್ನೂ ಪೂರ್ತಿ ಕೇಳಿದರು. ಆಮೇಲೆ ಎದ್ದು ರುಮಾಲು ಸುತ್ತಿಕೊಳ್ಳುತ್ತ, "ಇದಕ್ಕ ನನ್ನ ಕಡೆ ಇಲಾಜಿಲ್ರೀ ವಕೀಲರ. ಇಂವ ಬೊಗಳಾಕತ್ತಿಲ್ಲ, ನಿಮ್ಮ ಜೋಡಿ ಹಾಡಾಕತ್ತಾನ. ಯಾರರ ಒಬ್ಬರು ನಿಲ್ಲಸ್ರಿ" ಎಂದರು. ವಕೀಲರ ಹೆಂಡತಿ ಕಮಲಾಬಾಯಿ ಒಳಗೆ ಓಡಿಹೋಗಿ ನಕ್ಕರು. ವಕೀಲರು ಒಂದು ತಿಂಗಳು ಹಾರ್ಮೋನಿಯಂ ಮುಟ್ಟಲಿಲ್ಲ.

ಆ ಸಂಜೆ ನನಗೆ ನಗು ಬರಲಿಲ್ಲ. ಆಗ ನನಗೆ ನಗು, ಅಳು ಏನೂ ಬರುತ್ತಿರಲಿಲ್ಲ. ನನ್ನ ಗಂಡ ತೀರಿಹೋಗಿ ಹತ್ತು ತಿಂಗಳಾಗಿತ್ತು. ಇವರು ಹುಬ್ಬಳ್ಳಿಯಲ್ಲಿ ಕಚೇರಿ ಕೆಲಸಕ್ಕೆ ದಿನವೂ ರೈಲುಗಾಡಿಯಲ್ಲಿ ಹೋಗಿ ಬರುತ್ತಿದ್ದರು. ಬೇಸಿಗೆಯಲ್ಲಿ ಜ್ವರ ಬಂತು, ಒಂದು ವಾರದಲ್ಲಿ ಎಲ್ಲ ಮುಗಿದುಹೋಯಿತು. ನಾನು ಅಳಲಿಲ್ಲ. ಗಟ್ಟಿ ಹೆಂಗಸು ಅಂದರು ಕೆಲವರು, ಕಲ್ಲು ಅಂದರು ಕೆಲವರು. ಎರಡೂ ಅಲ್ಲ. ಅನ್ನ ನುಂಗುತ್ತಿದ್ದೆ, ರುಚಿ ಇರಲಿಲ್ಲ. ನೀರು ಸೇದುತ್ತಿದ್ದೆ, ಹಗ್ಗ ಉಜ್ಜಿದ್ದು ಕೈಗೆ ತಿಳಿಯುತ್ತಿರಲಿಲ್ಲ. ಅಷ್ಟೇ.

ನಮ್ಮ ಮನೆಯ ತೊಡಕು ಇದ್ದದ್ದು ನಮ್ಮ ನಾಯಿ ಮೋತಿಯದು. ಮೋತಿಯನ್ನು ಸಾಕಿದವರು ಇವರೇ. ಬೇಸಿಗೆಯಲ್ಲಿ ಅತ್ತೆ ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ಹಪ್ಪಳ ಸಂಡಿಗೆ ಒಣಗಿಸುತ್ತಿದ್ದರಲ್ಲ, ಕಾಗೆ ಓಡಿಸುವುದನ್ನು ಇವರು ಅದಕ್ಕೆ ಕಲಿಸಿದ್ದರು. ಕಟ್ಟೆಯ ನೆರಳಲ್ಲಿ ಕೂತಿರುತ್ತಿತ್ತು; ಒಂದು ಕಾಗೆ ರೆಕ್ಕೆ ಇಳಿಸಿದರೆ ಸಾಕು, ಹಾರಿ ಬರುತ್ತಿತ್ತು. ಓಣಿಯ ಹೆಂಗಸರೆಲ್ಲ ತಮ್ಮ ಹಪ್ಪಳವನ್ನೂ ನಮ್ಮ ಮಾಳಿಗೆಗೇ ಕಳಿಸುತ್ತಿದ್ದರು. ಅತ್ತೆಗೆ ಏನು ಹೆಮ್ಮೆ! "ನಮ್ಮ ಮೋತಿ ಇರೂತನಕಾ ಕಾಗಿಗೆ ಉಪವಾಸನ" ಎನ್ನುತ್ತಿದ್ದರು.

ಇವರು ಹೋದ ಹತ್ತನೆಯ ದಿನ ಕೆರೆಯ ದಂಡೆಯಲ್ಲಿ ಪಿಂಡ ಇಟ್ಟು ಎಲ್ಲರೂ ದೂರ ಸರಿದು ನಿಂತರು. ಕಾಗೆ ಮರದಿಂದ ಇಳಿಯಿತು. ಮೋತಿ ನಮ್ಮ ಹಿಂದೆ ಬಂದದ್ದು ಯಾರಿಗೂ ಗೊತ್ತಿರಲಿಲ್ಲ. ಅದು ತನ್ನ ಕೆಲಸ ಮಾಡಿತು. ಮತ್ತೆ ಒಂದು ಕಾಗೆಯೂ ಹತ್ತಿರ ಬರಲಿಲ್ಲ. ಭಟ್ಟರು ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸಿ ಶಾಸ್ತ್ರ ಮುಗಿಸಿದರು. ಶಾಸ್ತ್ರವೇನೋ ಮುಗಿಯಿತು, ಅತ್ತೆಯ ಮನಸ್ಸು ಕೇಳಬೇಕಲ್ಲ! "ನನ್ನ ಮಗಗ ಏನೋ ಆಸೆ ಉಳದದ. ಹಸಗೊಂಡು ತಿರಗ್ಲಿಕ್ಕತ್ತಾನ" ಎಂದು ಅನ್ನದ ತಾಟು ಸರಿಸತೊಡಗಿದರು. ತಿಂಗಳು ತಿಂಗಳಿನ ಮಾಸಿಕದಲ್ಲೂ ಅದೇ ಕಥೆ. ಮಾಳಿಗೆಯ ಮೇಲೆ ಎಲೆ ಇಟ್ಟರೆ ಮೋತಿ ಕಾಯುತ್ತಿತ್ತು. ಕೆಳಗೆ ಕಟ್ಟಿದರೆ ಹಗ್ಗ ಕಡಿದುಕೊಂಡು ಓಡುತ್ತಿತ್ತು, ಇಲ್ಲವೇ ಓಣಿ ಹಾರಿಹೋಗುವಂತೆ ಬೊಗಳುತ್ತಿತ್ತು. ಆ ಗದ್ದಲಕ್ಕೆ ಯಾವ ಕಾಗೆ ಬರುತ್ತದೆ? ಅತ್ತೆ ಸೊರಗಿ ಹಂಚಿಕಡ್ಡಿಯಾದರು. ಕೊನೆಗೆ ಮೈದುನ ವಸಂತ, "ವರ್ಷದ ಶ್ರಾದ್ಧಕ್ಕ ಈ ನಾಯಿ ಇಲ್ಲಿ ಇರಬಾರದು ವೈನಿ. ದಾಂಡೇಲಿ ಲಾರಿಯೊಳಗ ಹಾಕಿ ಅಡವ್ಯಾಗ ಬಿಟ್ಟು ಬರತೀನಿ" ಎಂದ. ಅಡವಿಯಲ್ಲಿ ಮೋತಿ ಎಷ್ಟು ದಿನ ಉಳಿದೀತೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾನು ವಕೀಲರ ಗೇಟಿನ ಮುಂದೆ ಕಾಕಾನನ್ನು ನಿಲ್ಲಿಸಿ ನಮ್ಮ ಮನೆಗೆ ಬನ್ನಿರೆಂದು ಕೇಳಿದೆ. ಹತ್ತು ತಿಂಗಳಲ್ಲಿ ನಾನಾಗಿ ಕೇಳಿದ ಮೊದಲ ಮಾತು ಅದು.

ಅವರು ಮಾಳಿಗೆಗೆ ಬಂದು ಮೋತಿಗೆ ಬೆನ್ನು ಕೊಟ್ಟು ಕೂತರು. ಎಲ್ಲ ಕೇಳಿಸಿಕೊಂಡರು. "ನಮ್ಮೊಳಗ ಸತ್ತವರನ್ನ ಮಣ್ಣಾಗ ಕುಂಡ್ರಿಸಿ ಬರತೇವ್ರಿ, ಕಾಗೀನ್ನ ಕೇಳಾಕ ಹೋಗೂದಿಲ್ಲ. ಇರ್ಲಿ, ನಿಮಗ ಕಾಗಿ ಬೇಕಂದ್ರ ಕಾಗಿ ಬರಬೇಕು" ಎಂದರು. ಆಮೇಲೆ ಕೇಳಿದರು: "ಇಂವಗ ಕೆಲಸಾ ಮುಗೀತು ಅಂತ ಹೆಂಗ ಗೊತ್ತಾಕ್ಕೈತ್ರಿ? ಎತ್ತಿನ ಹೆಗಲ ಮ್ಯಾಲಿಂದ ನೊಗ ಇಳಿಸಿದ್ರ ಅದಕ್ಕ ತಿಳೀತೈತಿ. ಇಂವಗ?"

ನಾನು ಹೇಳಿದೆ. ಇವರು ಸಂಜೆ ಗಾಡಿ ಇಳಿದು ಬಂದವರೇ ಮಾಳಿಗೆಗೆ ಹೋಗಿ ಹಪ್ಪಳ ತೆಗೆದಿಟ್ಟು, ಧೋತರ ಝಾಡಿಸಿ ಮಡಚಿ, ಒಂದು ಹಸಿ ಸಂಡಿಗೆ ಮೋತಿಯ ಬಾಯಿಗೆ ಕೊಡುತ್ತಿದ್ದರು. ಅದು ಕಚ್ಚಿಕೊಂಡು ಅವರ ಹಿಂದೆಯೇ ಕೆಳಗಿಳಿದು ಮಲಗುತ್ತಿತ್ತು.

"ಕಡೀಕ ಮಡಚಿದ್ದ ಯಾವಾಗರಿ?"

ಅದನ್ನೂ ಹೇಳಿದೆ. ಜ್ವರ ಬಂದ ದಿನ ಧೋತರ ಹಾಗೇ ಹಾಸಿತ್ತು. ನಡುಗುತ್ತ ಇವರು ಕೆಳಗೆ ಬಂದರು. ಹಪ್ಪಳವನ್ನು ಧೋತರ ಸಮೇತ ಕಮಲಾಬಾಯಿ ಬಾಚಿಕೊಂಡು ಹೋಗಿದ್ದರು. ಆಮೇಲೆ ಸಾವಿನ ಮನೆ. ವರ್ಷದೊಳಗೆ ಹಪ್ಪಳ ಮಾಡುವ ಹಾಗಿಲ್ಲ, ಹಾಸುವ ಹಾಗಿಲ್ಲ.

"ಹಂಗಾದ್ರ ಇಂವ ಇನ್ನೂ ಡೂಟಿ ಮ್ಯಾಲ ಅದಾನ್ರಿ ಅಕ್ಕಾರ" ಎಂದರು ಕಾಕಾ. "ದಿನಾ ಅರಿವಿ ಹಾಸ್ರಿ, ಹಪ್ಪಳಾ ಇಡ್ರಿ, ಮಡಚ್ರಿ, ಇಂವನ ಪಾಲು ಕೊಡ್ರಿ. ಕೆಲಸಾ ಮುಗಿಸಿ ಕೆಳಗ ಇಳದು ಮಲಗೂದ ಕಲೀಲಿ. ಶ್ರಾದ್ಧದ ದಿನ ಮೊದಲ ಇದನ್ನ ಮುಗಸ್ರಿ, ಆಮ್ಯಾಲ ಎಲಿ ಇಡ್ರಿ."

ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದ ಅತ್ತೆ ಸಿಡಿದರು. "ಸತ್ತ ಮನ್ಯಾಗ ಹಪ್ಪಳಾ? ಮಂದಿ ನಮ್ಮ ಬಾಯಾಗ ಮಣ್ಣ ಹಾಕ್ತಾರ!" ಕಾಕಾ ಅತ್ತೆಗೂ ಬೆನ್ನು ತಿರುಗಿಸಿ, ಗೋಡೆಗೆ ಹೇಳಿದರು: "ಅವ್ವಾರ, ಹಿಟ್ಟು ವಕೀಲರ ಮನೀದು, ಲಟ್ಟಿಸೂದು ಅವರ ಮನ್ಯಾಗ. ಬಿಸಲು ದೇವರದು. ನಿಮ್ಮದು ಮಾಳಗಿ ಅಷ್ಟ." ಅತ್ತೆ ನನ್ನನ್ನು ಕೇಳಿದರು, "ಅಂವ ಯಾಕ ಗ್ವಾಡಿ ಕೂಡ ಮಾತಾಡ್ತಾನ? ನಾ ಏನು ಕಚ್ಚತೀನೇನು?" ಅಲ್ಲಿಗೆ ಒಪ್ಪಿಗೆ ಸಿಕ್ಕಿತೆಂದು ತಿಳಿದುಕೊಂಡೆ.

ಕಮಲಾಬಾಯಿಯ ಹಪ್ಪಳ ನಮ್ಮ ಮಾಳಿಗೆಗೆ ಬಂತು. ದಿನವೂ ಹಾಸಿದೆ, ದಿನವೂ ಮಡಚಿದೆ, ಹಸಿ ಸಂಡಿಗೆ ಕೊಟ್ಟೆ. ಮೋತಿ ತಿನ್ನುತ್ತಿತ್ತು, ಆದರೆ ಇಳಿಯುತ್ತಿರಲಿಲ್ಲ. ಮೆಟ್ಟಿಲ ಕಡೆ ಮುಖ ಮಾಡಿ ಅಲ್ಲೇ ನಿಲ್ಲುತ್ತಿತ್ತು. ಶ್ರಾದ್ಧ ಹತ್ತಿರ ಬಂತು. ವಸಂತ ಲಾರಿಯವನಿಗೆ ಹೇಳಿಯೂ ಇಟ್ಟ.

ಕಾಕಾ ಮತ್ತೆ ಬಂದರು. ನಾನು ಮಡಚುವುದನ್ನು ನೋಡಿದರು. ಈ ಸಲ ಗೋಡೆಗೆ ಹೇಳಲಿಲ್ಲ, ನನ್ನನ್ನೇ ನೋಡಿ ಮೆಲ್ಲಗೆ ಹೇಳಿದರು. "ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ನಿಂತಾಂವ ಇಂವ ಅಲ್ಲ. ಅರಿವಿ ಮಡಚಿ ಕಂಕುಳಾಗ ಇಟ್ಕೊಂಡು ನೀವು ನಿಲ್ಲಾಕತ್ತೀರಿ, ಪಾವಟಿಗಿ ನೋಡ್ಕೊಂತ. ನೀವು ಮೊದಲ ಇಳೀರಿ. ಹಿಂದ ನೋಡಬ್ಯಾಡ್ರಿ."

ನಾನು ನಿಲ್ಲುತ್ತಿದ್ದೆನೇ? ನನಗೆ ಗೊತ್ತೇ ಇರಲಿಲ್ಲ. ಧೋತರ ಹಿಡಿದು ಇಳಿದೆ. ಅರ್ಧಕ್ಕೆ ಬಂದಾಗ ಹಿಂದೆ ಉಗುರಿನ ಸಪ್ಪಳ ಕೇಳಿಸಿತು.

ವರ್ಷದ ದಿನ ಹಾಗೆಯೇ ಮಾಡಿದೆ. ಮೋತಿ ನನ್ನ ಹಿಂದೆ ಇಳಿದು, ಬಚ್ಚಲ ಬಾಗಿಲಲ್ಲಿ ತಲೆ ಊರಿ ಮಲಗಿತು. ವಸಂತ ಎಲೆ ತೆಗೆದುಕೊಂಡು ಮೇಲೆ ಹೋದ. ನಾನು ಮೋತಿಯ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಮಾಳಿಗೆಯಿಂದ ಅತ್ತೆಯ ದನಿ ಕೇಳಿತು. "ಮುಟ್ಟಿತು! ಉಂಡಾ ನನ್ನ ಮಗಾ, ಹೊಟ್ಟಿ ತುಂಬ ಉಂಡಾ!" ಆ ಸಂಜೆ ಅತ್ತೆ ವರ್ಷದಲ್ಲಿ ಮೊದಲ ಸಲ ಎರಡನೆಯ ಸಲಕ್ಕೆ ಅನ್ನ ಬಡಿಸಿಕೊಂಡರು. ವಸಂತ ಲಾರಿಯ ಮಾತು ಮತ್ತೆ ಎತ್ತಲಿಲ್ಲ. ಓಣಿಯವರು ಒಬ್ಬೊಬ್ಬರಾಗಿ ಬಂದು "ಛಲೋ ಆತು, ಛಲೋ ಆತು" ಎಂದು ಹೋದರು.

ನನಗೆ ಮಾತ್ರ ಅದು ಛಲೋ ಅನ್ನಿಸಲಿಲ್ಲ. ವರ್ಷವಿಡೀ ಪ್ರತಿ ಮಾಸಿಕದಲ್ಲೂ ಕಾಗೆ ಹಾರಿಹೋದಾಗ ಅತ್ತೆ ಕಣ್ಣೀರು ಹಾಕುತ್ತಿದ್ದರು, ನನಗೆ ಒಳಗೊಳಗೇ ಸಮಾಧಾನವಾಗುತ್ತಿತ್ತು. ಇವರಿಗೆ ಇನ್ನೂ ಏನೋ ಬೇಕಾಗಿದೆ; ಬೇಕಾದವರು ಇಲ್ಲೇ ಎಲ್ಲೋ ಇರುತ್ತಾರೆ. ಈಗ ಉಂಡರು. ಇನ್ನು ಅವರಿಗೆ ಈ ಮನೆಯಿಂದ ಏನೂ ಬೇಕಾಗಿಲ್ಲ.

ಕಾಕಾನನ್ನು ನಾನು ಕೊನೆಯ ಸಲ ನೋಡಿದ್ದು ಅದರ ಮರುವಾರ. ಮುಂದಿನ ಬೇಸಿಗೆ ಬರುವುದರೊಳಗೆ ಅವರು ಹೋದರೆಂದು ವಕೀಲರಿಂದ ತಿಳಿಯಿತು. ಹಿತ್ತಲಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದವರು ಹಾಗೇ ಕುಸಿದರಂತೆ. ಆ ಮರುವಾರ ಮಾತ್ರ ನಡುಹಗಲಲ್ಲಿ ನಮ್ಮ ಗೇಟಿಗೆ ಬಂದಿದ್ದರು. ಗಾಡಿಗೆ ಹೊತ್ತಾಯಿತೆಂದು ಒಳಗೆ ಬರಲಿಲ್ಲ. ನಾನು ಈಚೆ ನಿಂತೆ, ಅವರು ಆಚೆ.

"ಕಾಗಿ ಬಂತೇನ್ರಿ?"

"ಬಂತ್ರಿ. ಪೂರಾ ತಿಂದು ಹೋತು."

ಅವರು ನನ್ನ ಮುಖ ನೋಡಿದರು. "ಛಲೋ ಆತು ಅನ್ಲೋ ಬ್ಯಾಡೋ, ಅಕ್ಕಾರ?"

"ಅನಬ್ಯಾಡ್ರಿ ಕಾಕಾ."

ಅವರು ಅನ್ನಲಿಲ್ಲ. ತಲೆಯಾಡಿಸಿ ಸ್ಟೇಶನ್ ದಾರಿ ಹಿಡಿದರು. ಅವರು ತಿರುವಿನಲ್ಲಿ ಮರೆಯಾಗುವವರೆಗೂ ನಾನು ಗೇಟಿನ ಸರಳು ಹಿಡಿದೇ ನಿಂತಿದ್ದೆ. ಆಗ ಕೈ ಚುರುಕ್ ಎಂದಿತು. ಬಿಸಿಲಿಗೆ ಕಬ್ಬಿಣ ಕಾದು ಕೆಂಡವಾಗಿತ್ತು. ಅಂಗೈಯಲ್ಲಿ ಕೆಂಪಗೆ ಬರೆ ಬಂದಿತ್ತು. ನಾನು ಅಳತೊಡಗಿದೆ. ಅಳು ನಿಲ್ಲಲಿಲ್ಲ. ಅತ್ತೆ ಗಾಬರಿಯಾಗಿ ಓಡಿಬಂದು, "ಏನಾತ? ಯಾಕ ಅಳ್ಳಿಕತ್ತೀ?" ಎಂದು ನನ್ನ ಕೈ ಹಿಡಿದರು.

"ಗೇಟು ಸುಡ್ತು" ಅಂದೆ.