ನಲವತ್ತೊಂದನೇ ಟೆಸ್ಟ್

ಯಂತ್ರಗಳಿಗೂ ಮನಸ್ಸಿದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ನೋಯ್ಡಾದ ನಮ್ಮ ಆಫೀಸಿನ ಸರ್ವರ್ ಕೋಣೆಯ ಬಾಗಿಲಿಗೆ ಯಾರೋ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದಾಗ ಕಿತ್ತು ಬಿಸಾಡಿದವಳು ನಾನೇ. ಹಾಗಾಗಿ ಈಗ ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಾವು ಬರೆಯುವುದು ಆಸ್ಪತ್ರೆಯ ಡ್ರಿಪ್ ಪಂಪಿನ ಸಾಫ್ಟ್‌ವೇರ್. ಗಂಟೆಗೆ ಇಷ್ಟು ಔಷಧಿ ಎಂದರೆ ಪಂಪು ಅಷ್ಟನ್ನೇ ಕಳಿಸಬೇಕು, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಬರೆದ ಕೋಡನ್ನು, ಅದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ಗೆ ಕೊಟ್ಟು ಎರಡು ಬಿಲ್ಡ್, ಅಂದರೆ ಎರಡು ಆವೃತ್ತಿ, ಮಾಡುತ್ತೇವೆ: ನಮ್ಮ ತಪಾಸಣೆಗೆ ಒಂದು ನಿಧಾನದ್ದು, ಆಸ್ಪತ್ರೆಗೆ ಕಳಿಸಲು ಒಂದು ಚುರುಕಿನದು. ಎರಡರ ಮೇಲೂ ಟೆಸ್ಟ್‌ಗಳನ್ನು ಓಡಿಸಿ ಕೊನೆಗೆ ಸಹಿ ಹಾಕುವುದು ನನ್ನ ಕೆಲಸ. ನಮ್ಮಲ್ಲೊಂದು ಕೆಟ್ಟ ಅಭ್ಯಾಸವಿತ್ತು. ಟೆಸ್ಟ್ ನಡುವೆ ನಿಂತುಹೋದರೆ ಮತ್ತೆ ಓಡಿಸುವುದು. ಮೂರರಲ್ಲಿ ಒಂದು ಸಲ ದಾಟಿದರೂ ಪಾಸ್. ಆ ಅಭ್ಯಾಸ ಹಾಕಿಕೊಟ್ಟವಳೂ ನಾನೇ.

ಕೆಲವು ವರ್ಷಗಳ ಹಿಂದಿನ ನವೆಂಬರ್. ಹೊಗೆಗೆ ಕಿಟಕಿಯಾಚೆಯ ಮೆಟ್ರೋ ಕಂಬಗಳೂ ಕಾಣುತ್ತಿರಲಿಲ್ಲ. ಉಳಿದವರೆಲ್ಲ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಆಫೀಸಿನಲ್ಲಿದ್ದದ್ದು ನಾನು ಮತ್ತು ತಂಡದ ಮುಖ್ಯಸ್ಥ ಪ್ರಶಾಂತ್. ಕುಂದಾಪುರ ಕಡೆಯ ಹೋಟೆಲಿನವರ ಮಗ, ಬೆಳೆದದ್ದೆಲ್ಲ ದೆಹಲಿಯಲ್ಲೇ. ಸೋಮವಾರ ಆ ಪಂಪುಗಳು ಒಂದು ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿಗೆ ಹೋಗಬೇಕಿತ್ತು.

ಊಟದ ಹೊತ್ತಿಗೆ ನಲವತ್ತೊಂದನೇ ಟೆಸ್ಟ್ ನಿಂತಿತು. ಪಂಪಿನ ಪರದೆಯ ಮೇಲೆ ಅಂಕಿಗಳು ಸರಿಯಾಗಿ ಮೂಡುತ್ತವೆಯೇ ಎಂದು ನೋಡುವ ಟೆಸ್ಟ್ ಅದು, ಅಷ್ಟೇ. ನಿಧಾನದ ಬಿಲ್ಡಿನಲ್ಲಿ ಸರಾಗ. ಚುರುಕಿನದರಲ್ಲಿ ಮಾತ್ರ ಅಂಕಿಗಳು ಏರುತ್ತ ಏರುತ್ತ 3.4ಕ್ಕೆ ನಿಂತುಬಿಟ್ಟವು. ಮತ್ತೆ ಓಡಿಸಿದೆ. 3.4. ಮೂರನೆಯ ಸಲವೂ 3.4.

ಅದಕ್ಕೂ ಆರು ವರ್ಷ ಮೊದಲು ನನಗೊಂದು ಹೆಣ್ಣುಮಗು ಹುಟ್ಟಿತ್ತು. ನಾಲ್ಕು ದಿನ ಬದುಕಿತ್ತು. ಆ ನಾಲ್ಕು ದಿನವೂ ಗಾಜಿನ ಈಚೆ ಕೂತು ನಾನು ನೋಡುತ್ತಿದ್ದದ್ದು ಅವಳ ಡ್ರಿಪ್ ಪಂಪಿನ ಅಂಕಿಯನ್ನು, 3.4. ಆ ಪಂಪಿನದೇನೂ ತಪ್ಪಿರಲಿಲ್ಲ, ಮಗುವಿಗೇ ಶಕ್ತಿಯಿರಲಿಲ್ಲ. ಈ ಸಂಗತಿ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಅರೆ ಯಾರ್, ಡಿಸ್‌ಪ್ಲೇ ಟೆಸ್ಟ್ ತಾನೇ? ಲಿಸ್ಟಿಂದ ತೆಗೀರಿ, ಸೈನ್ ಮಾಡಿ, ಚಲೋ" ಎಂದರು ಪ್ರಶಾಂತ್.

"ಆಗಲ್ಲ ಪ್ರಶಾಂತ್."

"ಮೇಲಿನವ್ರಿಗೆ ನಾನು ಏನು ಹೇಳ್ಲಿ?"

ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೇನೋ ಹೇಳಿದೆ. ನಿಜವಾಗಿ ನನಗೆ ಹೆದರಿಕೆಯಾಗಿತ್ತು. ಈ ಸಹಿ ತಪ್ಪಾದರೆ ಗಾಜಿನ ಈಚೆ ಇನ್ನೊಬ್ಬ ತಾಯಿ ಕೂರುತ್ತಾಳೆ ಎಂಬುದೊಂದೇ ತಲೆಯಲ್ಲಿತ್ತು. ಹಟ ಹಿಡಿದು ಕೂತೆ. ಪ್ರಶಾಂತ್ ಸಿಟ್ಟಿನಲ್ಲೇ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು. ಎರಡು ಬಿಲ್ಡ್‌ಗಳನ್ನೂ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಓದತೊಡಗಿದೆವು.

ಸಂಜೆಯ ಹೊತ್ತಿಗೆ ತಪ್ಪು ಸಿಕ್ಕಿತು, ಆದರೆ ಪರದೆಯದಲ್ಲ. ನಳಿಕೆಯಲ್ಲಿ ಗಾಳಿಗುಳ್ಳೆ ಬಂದರೆ ಪಂಪು ನಿಂತು ಕೂಗಿಕೊಳ್ಳಬೇಕು. ಚುರುಕಿನ ಬಿಲ್ಡಿನಲ್ಲಿ ಕಂಪೈಲರ್ ಕೆಲಸ ಉಳಿಸಲು ಹೋಗಿ, ಗುಳ್ಳೆ ಇದೆಯೇ ಎಂದು ಶುರುವಿನಲ್ಲಿ ಒಮ್ಮೆ ನೋಡಿ ಆಮೇಲೆ ನೋಡದೇ ಇರುವಂತೆ ಮಾಡಿತ್ತು. ಹಾಗೆ ಮಾಡಬೇಡ ಎಂದು ಅದಕ್ಕೆ ತಿಳಿಸುವುದನ್ನು ನಾವೇ ಮರೆತಿದ್ದೆವು. ಟೆಸ್ಟ್‌ಗಳಲ್ಲಿ ಯಾವಾಗಲೂ ನಳಿಕೆಯೊಳಗೆ ಗುಳ್ಳೆಯನ್ನು ಮೊದಲೇ ಸೇರಿಸಿ ಆಮೇಲೆ ಪಂಪು ಶುರು ಮಾಡುತ್ತಿದ್ದೆವು, ಹಾಗಾಗಿ ಎಲ್ಲ ಪಾಸ್. ವಾರ್ಡಿನಲ್ಲಿ ನಡುವೆ ಗುಳ್ಳೆ ಬಂದಿದ್ದರೆ ಪಂಪು ಆ ಗಾಳಿಯನ್ನು ಮಗುವಿನ ರಕ್ತಕ್ಕೆ ತಳ್ಳುತ್ತ ತನ್ನ ಪಾಡಿಗೆ ಓಡುತ್ತಲೇ ಇರುತ್ತಿತ್ತು.

ಸರಿಪಡಿಸಿದ ಮೇಲೆ ನಲವತ್ತೊಂದನೆಯದು ಒಂದೇ ಸಲಕ್ಕೆ ದಾಟಿತು. ವಿಚಿತ್ರವೆಂದರೆ ಆ ಟೆಸ್ಟಿಗೂ ಗುಳ್ಳೆಯ ಕೋಡಿಗೂ ಸಂಬಂಧವೇ ಇಲ್ಲ. ಅದು ಆ ಭಾಗವನ್ನು ಮುಟ್ಟುವುದೂ ಇಲ್ಲ. ತಪ್ಪಿದ್ದ ಹಳೆಯ ಬಿಲ್ಡನ್ನೇ ಹಾಕಿ, ಅದೇ ಯಂತ್ರದ ಮೇಲೆ, ಬೇರೆ ಯಂತ್ರಗಳ ಮೇಲೆ, ಆಮೇಲೆ ಎಷ್ಟೋ ಸಲ ಓಡಿಸಿದ್ದೇನೆ. ಒಮ್ಮೆಯೂ ನಿಂತಿಲ್ಲ.

ಕಾಕತಾಳೀಯ ಎಂದುಕೊಳ್ಳಲು ಪ್ರಯತ್ನಪಟ್ಟೆ, ಮನಸ್ಸು ಒಪ್ಪಲಿಲ್ಲ. ಬೇರೇನಾದರೂ ಎನ್ನಲು ಬಾಯಿ ಬರುವುದಿಲ್ಲ. ಸಾಫ್ಟ್‌ವೇರಿನ ತಪ್ಪುಗಳನ್ನು ಬರೆದಿಡುವ ನಮ್ಮ ದೂರುಗಳ ಪಟ್ಟಿಯಲ್ಲಿ ಆ ಟೆಸ್ಟ್ ನಿಂತದ್ದು ನನ್ನ ಹೆಸರಿನಲ್ಲೇ ಉಳಿದಿದೆ, ಕಾರಣದ ಜಾಗ ಖಾಲಿ. ವರ್ಷದ ಕೊನೆಗೆ ಬಗೆಹರಿಯದ ಹಳೆಯ ದೂರುಗಳನ್ನೆಲ್ಲ ಪ್ರಶಾಂತ್ ಮುಚ್ಚಿಹಾಕುತ್ತಾರೆ. "ಇದನ್ನೂ ಕ್ಲೋಸ್ ಮಾಡ್ಲಾ?" ಎಂದು ಕೇಳಿದ ದಿನ ಮೊದಲ ಬಾರಿಗೆ ಅವರಿಗೆ ಮಗಳ ವಿಷಯ ಹೇಳಿದೆ.

ಅವರು ಮೌಸಿನಿಂದ ಕೈ ತೆಗೆದರು. "ರೆಹ್ನೇ ದೀಜಿಯೇ" ಎಂದರು. "ಅದು ಓಪನ್ ಇರ್ಲಿ."