ಲವಂಗದ ಕಾಕ್‌ಟೇಲು ಮತ್ತು ಪದ್ಮವ್ವನ ಗ್ಲಾಸು

2022ರ ಫೆಬ್ರುವರಿಯಲ್ಲಿ ನನಗೆ ಅರವತ್ತೆಂಟು ವರ್ಷ. ಚಿಕ್ಕೋಡಿಯ ನಮ್ಮ ಸೋಡಾ ಫ್ಯಾಕ್ಟರಿಯಿಂದ ಆಗಷ್ಟೇ ನಿವೃತ್ತಳಾಗಿದ್ದೆ. ಫ್ಯಾಕ್ಟರಿ ಎಂದರೆ ಎರಡು ಕೋಣೆ, ಒಂದು ಯಂತ್ರ ಮತ್ತು ನಾನು. ಕಸುಬು ಕಲಿಸಿದ್ದು ಗಂಡ. ಅವರು ಹೋದ ಮೇಲೆ ಇಪ್ಪತ್ತಾರು ವರ್ಷ ಒಬ್ಬಳೇ ನಡೆಸಿದೆ. ನಿವೃತ್ತಿಯ ದಿನವನ್ನು ನನ್ನ ಮಂಡಿಗಳೇ ನಿಶ್ಚಯಿಸಿದವು. ಸೊಸೆ ಯಂತ್ರ ವಹಿಸಿಕೊಂಡಳು. ನಾನು ಕಟ್ಟೆಯ ಮೇಲೆ ಕುಳಿತು ಆಕೆಯ ತಪ್ಪು ಹುಡುಕುವ ಕೆಲಸ ವಹಿಸಿಕೊಂಡೆ. ಅದಕ್ಕೆ ಮಂಡಿ ಬೇಕಾಗುವುದಿಲ್ಲ.

ಅಂಥ ಒಂದು ಮಧ್ಯಾಹ್ನ ಕಾಗವಾಡದ ಕಡೆಯ ದ್ರಾಕ್ಷಿ ತೋಟದ ಜೈನರ ಮನೆಯ ಹುಡುಗಿ ಸುಪ್ರಿಯಾ ಬಂದಳು. ಆಕೆಯ ನಿಶ್ಚಿತಾರ್ಥಕ್ಕೆ, ಅವರ ಮಾತಿನಲ್ಲಿ ಸಾಖರಪುಡಾಕ್ಕೆ, ಹದಿನೈದು ದಿನ ಉಳಿದಿತ್ತು. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಉದ್ದ ಕುತ್ತಿಗೆಯ ಗ್ಲಾಸು, ಬಂಗಾರದ ಬಣ್ಣದ ಪಾನೀಯ, ಸಣ್ಣ ಸಣ್ಣ ಗುಳ್ಳೆ, ಮೇಲೆ ತೇಲುವ ಗುಲಾಬಿ ಎಸಳು.

"ಸೋಡಾ ಮಾವಶಿ, ಮುನ್ನೂರ ಗ್ಲಾಸ್ ಹಿಂಥಾದ್ದ ಬೇಕ್ರಿ. ಹೂವಿನ ಕಾಕ್‌ಟೇಲ್. ದಾರೂ ಒಂದ ಹನೀನೂ ಇರಬಾರ್ದು."

"ಆರಾಮ ಮಾಡಬಹುದು," ಎಂದೆ.

"ಆರಾಮಿಲ್ರಿ. ನಮ್ಮ ಆಯಿ ಕುಡೀಬೇಕು."

ಸುಪ್ರಿಯಾಳ ಅಜ್ಜಿ ಪದ್ಮವ್ವನಿಗೆ ಎಂಬತ್ತೆರಡು. ಮೂವತ್ತು ವರ್ಷದಿಂದ ವ್ರತ ಹಿಡಿದಾಕೆ. ಮನೆಯ ಬಾವಿಯಿಂದ ಸೇದಿ, ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿದ ನೀರು ಮಾತ್ರ ಮುಟ್ಟುತ್ತಾಳೆ. ಸೋಸಿದ ಮೇಲೆ ಆ ನೀರಿನ ಆಯುಷ್ಯ ನಲವತ್ತೆಂಟು ನಿಮಿಷ. ಬಟ್ಟೆಯಲ್ಲಿ ಉಳಿದದ್ದನ್ನು ಅದೇ ಬಾವಿಗೆ ಮರಳಿ ಇಳಿಸಬೇಕು, ಕಣ್ಣಿಗೆ ಕಾಣದ ಜೀವಿಗಳು ತಮ್ಮ ಮನೆ ಸೇರಬೇಕು. ಸೂರ್ಯ ಮುಳುಗುವ ನಲವತ್ತೆಂಟು ನಿಮಿಷ ಮೊದಲೇ ಬಾಯಿ ಬಂದ್. ಹೀಗಾಗಿ ಮೂವತ್ತು ವರ್ಷ ಮನೆಯ ಮದುವೆ, ತೊಟ್ಟಿಲು ಎಲ್ಲದರಲ್ಲೂ ಆಕೆ ಬರಿಗೈಲಿ ಕುಳಿತು ಉಳಿದವರು ಉಣ್ಣುವುದನ್ನು ನೋಡಿದ್ದಾಳೆ. "ನನ್ನ ಸಾಖರಪುಡಾದಾಗರೆ ಎಲ್ಲಾರ ಜೋಡಿ ಆಕೀ ಕೈಯಾಗೂ ಗ್ಲಾಸ್ ಇರಬೇಕ್ರಿ" ಎಂದು ಹುಡುಗಿ ನನ್ನ ಕೈ ಹಿಡಿದಳು. ಬೇಡ ಎನ್ನಬೇಕಿತ್ತು. ಎನ್ನಲಿಲ್ಲ.

ಎರಡು ದಿನ ಬಿಟ್ಟು ಅವರ ಮನೆಗೆ ಹೋದೆ. ಪದ್ಮವ್ವ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಕಾಕ್‌ಟೇಲ್ ಅಂದ್ರ ದಾರೂ ಅಲ್ಲೇನ್ ಬೇ?"

"ಹೆಸರಷ್ಟ ಆಯಿ," ಎಂದಳು ಸುಪ್ರಿಯಾ.

"ಹೆಸರಾ ಚುಲೋದ ಇಡಬಾರ್ದ? ಇರ್ಲಿ. ಗುಲಾಬಿ, ಮಲ್ಲಿಗಿ ನಡಿಯೂದಿಲ್ಲ ಮತ್ತ. ಹೂವಿನ್ಯಾಗ ಎಷ್ಟ ಜೀವಾ ಇರ್ತಾವು."

ಹೂವಿಲ್ಲದೆ ಹೂವಿನ ಪಾನೀಯ. ನಾನು ಆಕೆಯ ಹಿಂದೆ ಅಡುಗೆಮನೆಗೆ ಹೋಗಿ ಅಲ್ಲಿ ಏನೇನಿದೆ ಎಂದು ನೋಡಿದೆ. ನೀರಿನ ತಂಬಿಗೆಯ ಪಕ್ಕದಲ್ಲಿ ಲವಂಗದ ಡಬ್ಬಿ ಇತ್ತು. ಸೋಸಿದ ನೀರಿಗೆ ಲವಂಗದ ಪುಡಿ ಹಾಕಿದರೆ ಅದರ ಆಯುಷ್ಯ ಆರು ತಾಸಿಗೆ ಏರುತ್ತದೆ ಎಂದು ಆಕೆಯೇ ವಿವರಿಸಿದಳು.

"ಪದ್ಮವ್ವಾರ, ಲವಂಗಂದ್ರ ಏನಂತ ತಿಳ್ಕೊಂಡೀರಿ? ಅದೂ ಹೂವಿನ ಮೊಗ್ಗ ಐತ್ರಿ. ಅರಳೂ ಮೊದಲ ಕಿತ್ತ ಒಣಗಸ್ತಾರ. ಕೇಸರೀನೂ ಹೂವಿನೊಳಗಿನ ಎಳೀನ."

ಆಕೆ ಒಂದು ಲವಂಗ ಎತ್ತಿ ಬೆಳಕಿಗೆ ಹಿಡಿದಳು. ತಲೆ ತಿರುಗಿಸಿ ನೋಡಿದಳು. "ಒಣಗಿದ್ದು ನಡೀತೈತಿ," ಎಂದು ತೀರ್ಪು ಕೊಟ್ಟು, "ಇಷ್ಟ ವರ್ಷ ಮೂಗಿನ ಮುಂದ ಮೊಗ್ಗ ಇಟ್ಕೊಂಡ ಕುಂತಿದ್ನಿ ನೋಡ," ಎಂದು ನಕ್ಕಳು. ಹೂವೂ ಸಿಕ್ಕಿತು, ಆರು ತಾಸೂ ಸಿಕ್ಕಿತು.

ನನ್ನ ಕಸುಬಿನ ಒಂದು ಮಾತು ಇಲ್ಲಿ ಹೇಳಬೇಕು. ಗುಳ್ಳೆ ಬರುವುದು ಕಾರ್ಬನ್ ಡೈಆಕ್ಸೈಡ್ ಗ್ಯಾಸನ್ನು ಒತ್ತಡದಲ್ಲಿ ನೀರಿಗೆ ತುಂಬುವುದರಿಂದ. ನೀರು ತಣ್ಣಗಿದ್ದಷ್ಟೂ ಗ್ಯಾಸು ಹಿಡಿಯುತ್ತದೆ, ಬಿಸಿಯಾದರೆ ಉಗುಳುತ್ತದೆ. ಪೇಟೆಯ ಐಸು ಪದ್ಮವ್ವನಿಗೆ ನಡೆಯದು. ಹಾಗಾಗಿ ಕೆಗ್ ಎಂಬ ಗಟ್ಟಿ ಮುಚ್ಚಳದ ಸ್ಟೀಲ್ ಪಾತ್ರೆಗಳಿಗೆ ಪಾನೀಯ ತುಂಬಿ, ಹೊರಗಿನಿಂದ ಐಸು ಕವಿಸಿ, ಆಮೇಲೆ ಗ್ಯಾಸು ಬಿಡುವುದೆಂದು ಲೆಕ್ಕ ಹಾಕಿದೆ. ಮೂವತ್ತು ಲೀಟರು ಬಾವಿಯ ನೀರು, ಅಂದೇ ಹಿಂಡಿದ ಹನ್ನೆರಡು ಲೀಟರು ಬಿಳಿ ದ್ರಾಕ್ಷಿಯ ರಸ, ಉಳಿದದ್ದು ಸಕ್ಕರೆ ಪಾಕ ಮತ್ತು ನಿಂಬೆ.

ನಿಶ್ಚಿತಾರ್ಥದ ದಿನ ಹನ್ನೆರಡಕ್ಕೆ ನೀರು ಶುರು. ಬಾವಿ ಹಿತ್ತಲಿನಲ್ಲಿ, ದನದ ಕೊಟ್ಟಿಗೆಯ ಆಚೆ, ಹನ್ನೊಂದು ಮೆಟ್ಟಿಲು ಕೆಳಗೆ. ಆರು ಲೀಟರಿನ ಕೊಡ, ಐದು ಸಲ. ಸುಪ್ರಿಯಾ ನಾಲ್ಕು ಕೊಡ ತಂದು, ಸೋಸಿ, ಸೀರೆ ಉಡಲು ಓಡಿದಳು. ಐದನೆಯದು ನನ್ನ ಪಾಲಿಗೆ ಬಂತು.

ಮೂರು ಮೆಟ್ಟಿಲು ಇಳಿದೆ. ಮಂಡಿ ಮಡಚಲಿಲ್ಲ. ಅಲ್ಲೇ ಕುಳಿತೆ. ಬೆಳಿಗ್ಗೆ ಐದರಿಂದ ದ್ರಾಕ್ಷಿ ಹಿಂಡಿ ದಣಿದಿದ್ದೆ. ಯಾರನ್ನಾದರೂ ಕೂಗಬಹುದಿತ್ತು, ಮನೆ ತುಂಬ ಜನ. ಆದರೆ ಇಷ್ಟು ವರ್ಷ ಒಬ್ಬಳೇ ಯಂತ್ರ ತಿರುಗಿಸಿದವಳು ಒಂದು ಕೊಡ ನೀರಿಗೆ ಕೂಗುವುದೇ ಎಂಬ ಸೊಕ್ಕು. ಮೆಲ್ಲಗೆ ಎದ್ದು ಬಂದು, ಮಂಟಪದ ಪಕ್ಕದಲ್ಲಿ ಪೇಟೆಯಿಂದ ತಂದಿಟ್ಟಿದ್ದ ಕ್ಯಾನಿನ ನೀರು ಆರು ಲೀಟರು ಅಳೆದು ಹಂಡೆಗೆ ಸುರಿದೆ. ಯಾರೂ ನೋಡಲಿಲ್ಲ. ಲವಂಗ, ಕೇಸರಿ, ರಸ, ಪಾಕ ಎಲ್ಲ ಅದರ ಮೇಲೆ ಬಿದ್ದವು. ಒಟ್ಟಿಗೆ ಕಲಸಿ ಕೆಗ್‌ಗಳಿಗೆ ತುಂಬಿದೆ. ಯಾವ ಕಣ್ಣೂ, ಯಾವ ನಾಲಿಗೆಯೂ ಅದನ್ನು ಕಂಡುಹಿಡಿಯಲಾರದು. ನನ್ನ ನಾಲಿಗೆಯೂ ಕೂಡ. ರುಚಿ ನೋಡಿದೆ, ಬರೋಬ್ಬರಿ ಆಗಿತ್ತು.

ಐದಕ್ಕೆ ಉಂಗುರ ಬದಲಾದವು. ಗ್ಲಾಸು ಹಂಚಿದರು. ಬಂಗಾರದ ಬಣ್ಣ, ಕೆಳಗಿನಿಂದ ದಾರದಂತೆ ಏಳುವ ಗುಳ್ಳೆ. ಜನ ವಾಹ್ ಎಂದರು. ಮನೆಯ ಉಳಿದವರು ದಿನಾ ಕ್ಯಾನಿನ ನೀರೇ ಕುಡಿಯುವವರು, ಅವರದೇನೂ ಚಿಂತೆಯಿಲ್ಲ. ಸುಪ್ರಿಯಾ ತಾನೇ ಒಂದು ಗ್ಲಾಸು ಒಯ್ದು ಅಜ್ಜಿಯ ಕೈಗಿತ್ತಳು. ನೀರಿನ ಬಗ್ಗೆ ಪದ್ಮವ್ವ ಹತ್ತು ಪ್ರಶ್ನೆ ಕೇಳುತ್ತಾಳೆ ಎಂದು ನಾನು ಹತ್ತು ಸುಳ್ಳು ಸಿದ್ಧ ಮಾಡಿಕೊಂಡಿದ್ದೆ. ಆಕೆ ಒಂದನ್ನೂ ಕೇಳಲಿಲ್ಲ. ನನ್ನತ್ತ ನೋಡಿ, "ನೀ ಮಾಡೀದಿ ಅಂದ್ರ ಮುಗೀತು," ಎಂದು ಗ್ಲಾಸು ಎತ್ತಿದಳು.

ನನ್ನ ಕೈ ಆಕೆಯ ಮಣಿಕಟ್ಟು ಹಿಡಿದಿತ್ತು. "ಕುಡೀಬ್ಯಾಡ್ರಿ. ಕಡೀ ಕೊಡಾ ಬಾವೀದಲ್ಲ, ಕ್ಯಾನಿಂದು. ನಾನ ಸುರುವೇನ್ರಿ. ಮೆಟ್ಟಲಾ ಇಳಿಯಾಕ ಆಗಲಿಲ್ಲ."

ಸುಪ್ರಿಯಾಳ ಮುಖ ಕಪ್ಪಿಟ್ಟಿತು. ನನ್ನ ಕಿವಿಯ ಹತ್ತಿರ ಬಾಗಿ, "ಯಾಕ ಹೇಳಿದ್ರಿ ಮಾವಶಿ? ಆಕೀಗೆ ಗೊತ್ತಾಗತಿರಲಿಲ್ಲ. ಇನ್ನ ಆಕಿ ಕುಡಿಯೂದಿಲ್ಲ," ಎಂದಳು. ಕಣ್ಣಲ್ಲಿ ನೀರು ಬಂದಿತ್ತು.

ಪದ್ಮವ್ವ ಗ್ಲಾಸು ಕೆಳಗಿಟ್ಟಳು. "ವ್ಯಾಳ್ಯಾ ಎಷ್ಟಾತು?"

"ಐದೂ ಹತ್ತು," ಎಂದರು ಯಾರೋ. ಅಂದು ಸೂರ್ಯ ಮುಳುಗುವುದು ಆರೂವರೆಗೆ. ಆಕೆಯ ಗಡುವು ಐದೂ ನಲವತ್ತೆರಡು.

"ಐತಲ್ಲ ಮತ್ತ," ಎಂದು ಸೀರೆಯ ನೆರಿಗೆ ಮೇಲೆ ಸಿಕ್ಕಿಸಿ ಎಂಬತ್ತೆರಡರ ಮುದುಕಿ ಹಿತ್ತಲಿಗೆ ನಡೆದಳು. ಹನ್ನೊಂದು ಮೆಟ್ಟಿಲು ಇಳಿದಳು, ಸೇದಿದಳು, ಹತ್ತಿದಳು. ಅಷ್ಟರಲ್ಲಿ ನಾನು ಚೀಲದಿಂದ ಸೈಫನ್ ತೆಗೆದೆ. ಒಂದು ಲೀಟರಿನ ಕೈಬಾಟಲಿ ಅದು, ಬೆರಳು ಗಾತ್ರದ ಗ್ಯಾಸು ಗುಂಡಿನಿಂದ ನಡೆಯುತ್ತದೆ. ಆಕೆ ಸೋಸಿದ ನೀರು ಅದಕ್ಕೆ ಹೋಯಿತು. ಬಾಟಲಿಯನ್ನು ಐಸಿನಲ್ಲಿ ಹೂತು ಸುಪ್ರಿಯಾ ದ್ರಾಕ್ಷಿ ಹಿಂಡಲು ಕುಳಿತಳು, ರೇಷ್ಮೆ ಸೀರೆಯಲ್ಲೇ.

ಪದ್ಮವ್ವ ಮಾತ್ರ ಬಟ್ಟೆ ಹಿಡಿದು ಮತ್ತೆ ಬಾವಿಗೆ ಹೊರಟಳು.

"ಆಯಿ, ಅದನ್ನ ಆಮ್ಯಾಲ ಮಾಡ, ಲಗೂನ ಬಾ!"

"ಅವಕ್ಕೂ ಮನಿ ಐತಿಲ್ಲ ಬೇ? ದಾರಿ ನೋಡಾಕತ್ತಿರ್ತಾವು."

ಆಕೆ ಬಟ್ಟೆ ತೊಳೆದ ನೀರನ್ನು ಹಗ್ಗದ ತಂಬಿಗೆಯಲ್ಲಿ ತಳಕ್ಕೆ ಇಳಿಸಿ, ಮೆಲ್ಲಗೆ ವಾಲಿಸಿ, ಮರಳಿ ಬರುವಾಗ ಐದೂ ಮೂವತ್ತಾರು. ನೀರು ಸಾಕಷ್ಟು ತಣ್ಣಗಾಗಿರಲಿಲ್ಲ. ಗ್ಯಾಸು ಬಿಟ್ಟು ನನ್ನಲ್ಲಿ ಉಳಿದಿದ್ದ ಬಲವೆಲ್ಲ ಹಾಕಿ ಅಲುಗಾಡಿಸಿದೆ. ಸುಪ್ರಿಯಾ ಹಿಂಡಿದ ರಸವಿದ್ದ ಗ್ಲಾಸಿಗೆ ಬಗ್ಗಿಸಿದಾಗ ನಾಲ್ಕೇ ಗುಳ್ಳೆ ಎದ್ದವು. ನನ್ನ ವೃತ್ತಿಯಲ್ಲೇ ಅಷ್ಟು ಸಪ್ಪೆ ಸೋಡಾ ಮಾಡಿರಲಿಲ್ಲ.

"ಗುಳ್ಳಿ ಕಡಿಮಿ ಆಗ್ಯಾವ್ರಿ," ಎಂದೆ.

"ನಾ ಎಲ್ಲಿ ನೋಡೇನಿ, ಎಷ್ಟ ಇರಬೇಕಂತ?" ಎಂದು ಪದ್ಮವ್ವ ಕುಡಿದಳು. ಮೂಗಿಗೆ ಏರಿತು. ಕಣ್ಣು ಅಗಲವಾದವು, ಒಂದು ಸೀನು ಬಂತು, ಮುನ್ನೂರು ಜನ ನಕ್ಕರು. ಮೂರು ಗುಟುಕು ಆಗುವಷ್ಟರಲ್ಲಿ ಹೊತ್ತಾಯಿತು. ಗ್ಲಾಸು ಕೆಳಗಿಟ್ಟಳು. ಉಳಿದದ್ದನ್ನು ಸುಪ್ರಿಯಾ ಕುಡಿದಳು.

ನಾನು ಹೊರಡುವ ಮೊದಲು ಪದ್ಮವ್ವ ನನ್ನ ಪಕ್ಕ ಬಂದು ಕುಳಿತಳು. ಬೈಯುತ್ತಾಳೆ ಎಂದುಕೊಂಡೆ.

"ಮಂಡಿ ನೋಯಾಕತ್ತಿದ್ರ ನನ್ನ ಕರೀಬೇಕಿಲ್ಲ? ಎಪ್ಪತ್ತ ವರ್ಷ ಅದ ಬಾವಿ ಸೇದೇನಿ. ಮುಂಜಾನಿಂದ ಖುರ್ಚಿ ಮ್ಯಾಲ ಗೊಂಬಿ ಕುಂಡ್ರಿಸಿಧಾಂಗ ಕುಂಡ್ರಿಸಿದ್ರು, ಬ್ಯಾಸರಾಗಿತ್ತ ನನಗ."

ನಾನು ಈಗಲೂ ವರ್ಷಕ್ಕೆ ಎರಡೋ ಮೂರೋ ಆರ್ಡರು ಒಪ್ಪುತ್ತೇನೆ. ಆ ದಿನ ನಾನು ದಣಿದಿದ್ದೆ ಎಂಬುದು ನಿಜ. ಆದರೆ ಕುಡಿಯುವವರ ಗ್ಲಾಸಿನಲ್ಲಿ ನನ್ನ ದಣಿವು ಕಾಣುವುದಿಲ್ಲ, ಅದನ್ನು ಬಾಯಿಬಿಟ್ಟು ಹೇಳಬೇಕು, ಅದೂ ಕೆಲಸ ಕೆಡುವ ಮೊದಲು. ಈ ಕಸುಬು ಇಷ್ಟು ವರ್ಷದ ಮೇಲೆ ನನಗೆ ಕಲಿಸಿದ್ದು ಅದೊಂದೇ. ಆದ್ದರಿಂದ ಈಗ ಆರ್ಡರು ಹಿಡಿದು ಬಂದವರಿಗೆ ನನ್ನ ಮೊದಲ ಪ್ರಶ್ನೆ, ನೀರು ಹೊರುವವರು ಯಾರು ಎಂಬುದು. ನೀವೇ ಅಲ್ಲವೇ ಎಂದು ಅವರು ಕೇಳಿದರೆ, ನನ್ನಿಂದ ಆಗುವುದಿಲ್ಲ ಎಂದು ಹೇಳಿ, ಕಾಲು ಚಾಚಿ ಕೂರುತ್ತೇನೆ.